ನೆರಳು ಗಡಿಯಾರಕ್ಕೆ ನಾನು ಫರಸಿ ಕಲ್ಲನ್ನೇ ಯಾಕೆ ಆರಿಸಿದೆ

ಮೊದಲ ನೆರಳು ಗಡಿಯಾರವನ್ನು ಪ್ಲೈವುಡ್‌ನಲ್ಲಿ ಮಾಡಿದ್ದೆ. ಬಿಳಿ ಬಣ್ಣ ಬಳಿದು, ಕಬ್ಬಿಣದ ಕಡ್ಡಿ ಸಿಗಿಸಿ, ಕಲಬುರಗಿಯ ನಮ್ಮ ಮನೆಯ ದಕ್ಷಿಣದ ಗೋಡೆಗೆ ಕೂರಿಸಿದ್ದೆ. ಒಂದೇ ಮಳೆಗಾಲಕ್ಕೆ ಅಂಚು ಉಬ್ಬಿ ಪದರು ಬಿಟ್ಟಿತು. ಕಡ್ಡಿಯ ಬುಡದಿಂದ ತುಕ್ಕಿನ ನೀರು ಇಳಿದು ಹನ್ನೆರಡರ ಗೆರೆಯ ಮೇಲೇ ಕಂದು ಪಟ್ಟೆ ಬಿತ್ತು. ತುಂಬಾ ಬೇಜಾರಾಯಿತು. ಎರಡನೆಯದು ಬಾಳಿಕೆ ಬರಲೇಬೇಕು ಅಂತ ಹಟ ಹಿಡಿದೆ.

ಅಕ್ರಿಲಿಕ್ ಹಾಳೆ ನೋಡಿದೆ. ಅದು ಹೊಳೆಯುತ್ತದೆ, ನೆರಳು ಮಂಕಾಗುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಬಾಗುವ ಭಯವೂ ಇತ್ತು. ಬೀದರ ಹತ್ತಿರವೇ ಇದೆ, ಬಿದರಿ ಕೆಲಸದ ತಟ್ಟೆ ಎಷ್ಟು ಚೆಂದ ಅಂತ ಮನಸ್ಸು ಎಳೆಯಿತು. ಆದರೆ ಬಿದರಿಯ ಮೈ ಕಪ್ಪು. ಕಪ್ಪಿನ ಮೇಲೆ ನೆರಳನ್ನು ಹುಡುಕುವುದು ಹೇಗೆ? ಕಡಪಾ ಕಲ್ಲನ್ನು ಬಿಟ್ಟಿದ್ದೂ ಇದಕ್ಕೇ.

ಕೊನೆಗೆ ನಿಂತಿದ್ದು ನಮ್ಮ ಜಿಲ್ಲೆಯದೇ ಶಹಾಬಾದ ಫರಸಿಗೆ. ತಿಳಿ ಬೂದು ಬಣ್ಣ, ಹಲಗೆಯ ಹಾಗೆ ಸೀಳುವ ಸುಣ್ಣಕಲ್ಲು. ಮಳೆಗೆ ಉಬ್ಬುವುದಿಲ್ಲ. ಒಂದೂವರೆ ಅಡಿ ಚೌಕ, 20 ಮಿ.ಮೀ. ದಪ್ಪದ್ದನ್ನು ತಂದೆ. ತೂಕ ಸುಮಾರು 11 ಕೆಜಿ, ಅದಕ್ಕೇ ಕೆಳಗೆ ಎರಡು ಸ್ಟೀಲ್ ಕ್ಲಾಂಪ್, ಮೇಲೆ ಎರಡು.

ಫರಸಿ ಅಂದರೆ ಯಾವುದೋ ಒಂದು ಫರಸಿ ಅಲ್ಲ. ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಅದರ ಮೈಯ ಬಗ್ಗೆ. ಕಲಬುರಗಿ ಇರುವುದು 17.3 ಡಿಗ್ರಿ ಅಕ್ಷಾಂಶದಲ್ಲಿ. ಮಾರ್ಚ್ 21ರ ಮಧ್ಯಾಹ್ನ ಸೂರ್ಯ ಸುಮಾರು 73 ಡಿಗ್ರಿ ಎತ್ತರದಲ್ಲಿರುತ್ತಾನೆ, ಏಪ್ರಿಲ್ ಮಧ್ಯಕ್ಕೆ 82. ಅಂದರೆ ಬಿಸಿಲು ಗೋಡೆಗೆ ಎದುರಿನಿಂದ ಬೀಳುವುದಿಲ್ಲ, ಮೇಲಿಂದ ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ. ಆಗ ಕಲ್ಲಿನ ಒಂದೊಂದು ಉಬ್ಬೂ ತನ್ನದೇ ನೆರಳು ಚೆಲ್ಲುತ್ತದೆ. ಅಂಗಳಕ್ಕೆ ಹಾಸುವ ಒರಟು ಫರಸಿಯನ್ನು ಬಿಸಿಲಿಗೆ ನಿಲ್ಲಿಸಿ ನೋಡಿದೆ. ಕಡ್ಡಿಯ ನೆರಳು ಆ ಸಣ್ಣ ನೆರಳುಗಳ ನಡುವೆ ಕಳೆದೇ ಹೋಯಿತು. ಹಾಗಂತ ಕನ್ನಡಿಯಂಥ ಪಾಲಿಶ್ ಮಾಡಿಸಿದರೆ ಹೊಳಪಿನಲ್ಲಿ ನೆರಳು ಮಾಸುತ್ತದೆ. ನಮ್ಮ ಗೌಂಡಿಗೆ ಇದನ್ನು ವಿವರಿಸಿದಾಗ ಅವರು ತಕ್ಷಣ ಹಿಡಿದರು: "ಹಂಗಿದ್ರ ಪಾಲಿಶ್ ಬ್ಯಾಡ್ರಿ ಸರ್, ಬರೇ ಮಟ್ಟಾಗಿ ಉಜ್ಜಿ ಕೊಡ್ತೀನ್ರಿ." ಅದೇ ಸರಿಯಾಯಿತು. ಸಮತಟ್ಟಾಗಿರಬೇಕು, ಹೊಳೆಯಬಾರದು.

ಕೂರಿಸುವಾಗ ಕಲ್ಲಿಗೆ ಸಿಮೆಂಟು ಮೆತ್ತಿಕೊಂಡಿತು. ಆ್ಯಸಿಡ್ ಹಾಕಿ ತೊಳೆಯೋಣ ಅಂದರು. ನಾನು ಬೇಡ ಅಂದೆ. ಸುಣ್ಣಕಲ್ಲಿಗೆ ಆ್ಯಸಿಡ್ ಬಿದ್ದರೆ ನೊರೆ ಬಂದು ಮೈ ತಿಂದುಹೋಗುತ್ತದೆ. ಉಜ್ಜಿ ಮಟ್ಟ ಮಾಡಿದ್ದೆಲ್ಲ ಹಾಳು.

ಕಡ್ಡಿಗೆ 6 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್. ತೆಳ್ಳಗಿದ್ದಷ್ಟು ಸಮಯ ನಿಖರ ಅಂತ ಮೊದಲು 2 ಮಿ.ಮೀ. ತಂತಿ ಹಾಕಿ ನೋಡಿದ್ದೆ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ಕಡ್ಡಿಯ ದಪ್ಪದ ಸುಮಾರು 107 ಪಟ್ಟು ದೂರದವರೆಗೆ ಮಾತ್ರ ಗಟ್ಟಿ ನೆರಳು ಸಿಗುತ್ತದೆ. 2 ಮಿ.ಮೀ. ತಂತಿಗೆ ಅದು 21 ಸೆಂ.ಮೀ., ಕಲ್ಲಿನ ಕೆಳಭಾಗಕ್ಕೆ ಬರುವಷ್ಟರಲ್ಲಿ ನೆರಳು ಹೊಗೆಯಂತಾಗಿತ್ತು. 6 ಮಿ.ಮೀ. ಕಡ್ಡಿಗೆ 64 ಸೆಂ.ಮೀ., ಸಾಕಷ್ಟಾಯಿತು. ಕಡ್ಡಿ ಗೋಡೆಯಿಂದ ಹೊರಬಂದು 17.3 ಡಿಗ್ರಿ ಕೆಳಕ್ಕೆ ಇಳಿಯಬೇಕು, ಆಗಲೇ ಅದು ಭೂಮಿಯ ಅಕ್ಷಕ್ಕೆ ಸಮಾನಾಂತರ. ಕಲ್ಲಿಗೆ ತೂತು ಕೊರೆದು ಎಪಾಕ್ಸಿ ಹಾಕಿ ಕೂರಿಸಿದೆ.

ಗೆರೆ ಕೊರೆಯುವ ಮೊದಲು ದಯವಿಟ್ಟು ಅವಸರ ಮಾಡಬೇಡಿ. ಕಲ್ಲಿನ ಮೇಲಿನದ್ದನ್ನು ಅಳಿಸಲಾಗುವುದಿಲ್ಲ ಅಲ್ವಾ? ನಾನು ನವೆಂಬರ್‌ನಿಂದ ಫೆಬ್ರುವರಿವರೆಗೆ ಪೆನ್ಸಿಲ್ ಗೆರೆಯಲ್ಲೇ ಓದಿದೆ. ನಮ್ಮೂರು ದೇಶದ ಗಡಿಯಾರಕ್ಕೆ ಆಧಾರವಾದ ರೇಖಾಂಶಕ್ಕಿಂತ ಪಶ್ಚಿಮಕ್ಕಿದೆ, ಆದ್ದರಿಂದ ನೆರಳು ಸರಾಸರಿ 23 ನಿಮಿಷ ಹಿಂದೆ. ಅದೂ ಒಂದೇ ಸಮ ಇರುವುದಿಲ್ಲ. ನವೆಂಬರ್ ಮೊದಲಿಗೆ 7 ನಿಮಿಷದಷ್ಟೇ, ಫೆಬ್ರುವರಿ ಮಧ್ಯಕ್ಕೆ ಸುಮಾರು 37. ಕಲ್ಲು ಓರೆಯಾಗಿದೆಯೇನೋ ಅಂತ ಎರಡು ಸಲ ಬಿಚ್ಚಿ ನೋಡಿದ್ದೇನೆ, ಸುಮ್ನೆ. ತಪ್ಪು ಕಲ್ಲಿನದಲ್ಲ, ವರ್ಷದುದ್ದಕ್ಕೂ ಸೂರ್ಯನೇ ಗಡಿಯಾರಕ್ಕಿಂತ ಹಾಗೆ ಹಿಂದುಮುಂದಾಗುತ್ತಾನೆ. ಹನ್ನೆರಡರ ಗೆರೆಯನ್ನು ನೆಟ್ಟಗೆ ಕೆಳಕ್ಕೇ ಬಿಟ್ಟೆ, ನಮ್ಮೂರ ನಿಜವಾದ ಮಧ್ಯಾಹ್ನಕ್ಕೆ. ಒಂದರ ಗೆರೆ ಅಲ್ಲಿಂದ 14.3 ಡಿಗ್ರಿ, ಎರಡರದ್ದು 28.9, ಮೂರರದ್ದು 43.7. ಗೆರೆಗಳಿಗೆ ಕಪ್ಪು ಎನಾಮಲ್ ತುಂಬಿಸಿದೆ.

ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಸೂರ್ಯ ಇಡೀ ದಿನ ನಮ್ಮ ಉತ್ತರಕ್ಕೇ ಇರುತ್ತಾನೆ. ದಕ್ಷಿಣದ ಗೋಡೆಗೆ ಬಿಸಿಲೇ ಇಲ್ಲ. ಆ ಮೂರು ತಿಂಗಳಿಗೆ ಉತ್ತರದ ಗೋಡೆಗೆ ಅಂತ ಇನ್ನೊಂದು ಫರಸಿ ಉಜ್ಜಿಸಿ ಇಟ್ಟಿದ್ದೇನೆ. ಅಲ್ಲಿ ಕಡ್ಡಿ ಅಷ್ಟೇ ಡಿಗ್ರಿ ಮೇಲಕ್ಕೆ ಏರಬೇಕು.