ರೆಡಿಂಗ್‌ನಲ್ಲಿ ಬಾಡಿಗೆ ಮನೆ ಹಿಡಿಯುವ ಮುಂಚೆ ಇಪಿಸಿ ಓದುವುದು ಹೇಗೆ

ಬೆಂಗಳೂರು, ಮೈಸೂರಿನಿಂದ ಕೆಲಸಕ್ಕೆ ಅಂತ ಇಂಗ್ಲೆಂಡಿನ ರೆಡಿಂಗ್‌ಗೆ ಬರುವ ನಮ್ಮವರು ಮನೆ ನೋಡುವಾಗ ಸ್ಟೇಷನ್ ಎಷ್ಟು ದೂರ, ಸ್ಕೂಲ್ ಹೇಗಿದೆ, ಬಾಡಿಗೆ ಎಷ್ಟು ಅಂತೆಲ್ಲ ಕೇಳ್ತಾರೆ. ಮನೆ ಬೆಚ್ಚಗಿಡೋಕೆ ಎಷ್ಟು ಖರ್ಚಾಗುತ್ತೆ ಅಂತ ಕೇಳೋದು ತೀರಾ ಕಮ್ಮಿ. ಊರಲ್ಲಿ ಹೀಟಿಂಗ್ ಅನ್ನೋದೇ ಇಲ್ಲ, ಹಾಗಾಗಿ ಆ ಯೋಚನೆ ಬರೋದೂ ಇಲ್ಲ. ಆದರೆ ಜನವರಿಯ ಬಿಲ್ ಬಂದಾಗ ಕೈಗೂಸಿರುವ ಮನೆಯಲ್ಲೂ ಹೀಟಿಂಗ್ ಆರಿಸಿ ಕೂರುವವರನ್ನು ನೋಡಿದ್ದೇನೆ. ಹಾಗಾಗಬಾರದು ಅಂತಲೇ ಇದನ್ನು ಬರೀತಿದ್ದೇನೆ.

ಇಲ್ಲಿ ಬಾಡಿಗೆಗೆ ಕೊಡುವ ಮನೆಗೆ ಇಪಿಸಿ ಅನ್ನುವ ಎನರ್ಜಿ ಸರ್ಟಿಫಿಕೇಟ್ ಇರಲೇಬೇಕು. ಮನೆಗೆ ಎಷ್ಟು ಎನರ್ಜಿ ಬೇಕು ಅಂತ ಅದು ಹೇಳುತ್ತೆ. ‘ಎ’ ಇಂದ ‘ಜಿ’ವರೆಗೆ ಏಳು ದರ್ಜೆ, ‘ಎ’ ಎಲ್ಲಕ್ಕಿಂತ ಒಳ್ಳೆಯದು. 69ರಿಂದ 80 ಅಂಕ ಬಂದರೆ ‘ಸಿ’, 55ರಿಂದ 68 ಬಂದರೆ ‘ಡಿ’. (ಕೌನ್ಸಿಲ್ ಟ್ಯಾಕ್ಸ್ ಅನ್ನುವ ಇಲ್ಲಿನ ಮನೆ ತೆರಿಗೆಗೂ ಇದೇ ಥರ ಅಕ್ಷರಗಳಿವೆ. ಅದು ಬೇರೆ, ಇದು ಬೇರೆ.) ಸರ್ಟಿಫಿಕೇಟ್ ಹತ್ತು ವರ್ಷ ನಡೆಯುತ್ತೆ.

ಗವ್.ಯುಕೆ ತಾಣದಲ್ಲಿ ಎನರ್ಜಿ ಸರ್ಟಿಫಿಕೇಟ್ ಹುಡುಕುವ ಪುಟಕ್ಕೆ ಹೋಗಿ ಪೋಸ್ಟ್‌ಕೋಡ್ ಹಾಕಿ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಸ್ಕಾಟ್ಲೆಂಡ್‌ಗೆ ಮಾತ್ರ ಬೇರೆ ರಿಜಿಸ್ಟರ್ ಇದೆ. ಆ ಪೋಸ್ಟ್‌ಕೋಡ್‌ನಲ್ಲಿ ಸರ್ಟಿಫಿಕೇಟ್ ಇರುವ ಮನೆಗಳೆಲ್ಲ ಸಾಲಾಗಿ ಬರುತ್ತವೆ, ಪಕ್ಕದಲ್ಲಿ ದರ್ಜೆ ಇರುತ್ತೆ. ನೀವು ನೋಡಿದ ಮನೆಯ ಜೊತೆ ಅಕ್ಕಪಕ್ಕದ ಎರಡು ಮನೆಯದ್ದನ್ನೂ ತೆಗೆದು ನೋಡಿ. ಸಾಲುಮನೆಗಳು ಒಂದೇ ಕಾಲದಲ್ಲಿ ಕಟ್ಟಿದವು. ಪಕ್ಕದ್ದು ‘ಸಿ’, ನಿಮ್ಮದು ‘ಇ’ ಅಂತಿದ್ದರೆ ವ್ಯತ್ಯಾಸ ಎಲ್ಲಿದೆ ಅಂತ ಅದೇ ಪುಟ ಹೇಳುತ್ತೆ. ಸಾಮಾನ್ಯವಾಗಿ ಅದು ಮನೆ ಬಿಸಿ ಮಾಡುವ ಬಾಯ್ಲರ್ ಅಥವಾ ಬಿಸಿ ಹೊರಗೆ ಹೋಗದಂತೆ ಅಟ್ಟದಲ್ಲಿ ಹಾಸುವ ಇನ್ಸುಲೇಶನ್. ಸಾಲಿನ ಕೊನೆಯ ಮನೆಗೆ ಒಂದು ಗೋಡೆ ಹೆಚ್ಚಾಗಿ ಚಳಿಗೆ ಒಡ್ಡಿಕೊಂಡಿರುತ್ತೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಅಕ್ಷರ ನೋಡಿ ಅಲ್ಲಿಗೇ ನಿಲ್ಲಿಸಬೇಡಿ. ಆ ಅಂಕ ಬರೋದು ಒಂದು ಚದರ ಮೀಟರ್‌ಗೆ ಎಷ್ಟು ಖರ್ಚು ಅನ್ನುವ ಲೆಕ್ಕದಿಂದ. ಹಾಗಾಗಿ ದೊಡ್ಡ ‘ಡಿ’ ಮನೆಯ ಬಿಲ್ ಚಿಕ್ಕ ‘ಇ’ ಫ್ಲಾಟಿನ ಬಿಲ್ಲಿಗಿಂತ ಜಾಸ್ತಿ ಬರಬಹುದು. ಪುಟದಲ್ಲಿ ಕೊಟ್ಟಿರುವ ಪೌಂಡ್ ಲೆಕ್ಕ ತಪಾಸಣೆ ನಡೆದಾಗಿನ ದರದ್ದು, ಹಳೆಯ ಸರ್ಟಿಫಿಕೇಟಾದರೆ ಅದನ್ನು ನಂಬಬೇಡಿ. ವರ್ಷಕ್ಕೆ ಹೀಟಿಂಗ್‌ಗೆ ಎಷ್ಟು ಯೂನಿಟ್ (kWh) ಬೇಕು ಅಂತ ಕೊಟ್ಟಿದ್ದರೆ ಅದನ್ನು ಹಿಡಿಯಿರಿ. 12,000 ಯೂನಿಟ್, ಗ್ಯಾಸ್ ಯೂನಿಟ್‌ಗೆ 6 ಪೆನ್ಸ್ ಅಂತಿಟ್ಟುಕೊಂಡರೆ 720 ಪೌಂಡ್. ಬಾಯ್ಲರ್‌ನಲ್ಲಿ ಸ್ವಲ್ಪ ಪೋಲಾಗುತ್ತೆ, ಅದಕ್ಕೆ ಒಂದಿಷ್ಟು ಸೇರಿಸಿ. ಗ್ಯಾಸ್ ಇಲ್ಲದೆ ಬರೀ ಕರೆಂಟ್ ಹೀಟರ್ ಇರುವ ಫ್ಲಾಟಾದರೆ ಯೂನಿಟ್ ದರ ಸುಮಾರು ನಾಲ್ಕು ಪಟ್ಟು. ಹೀಟಿಂಗ್ ಯಾವುದರಿಂದ ಅಂತ ಹೇಳುವ ಆ ಒಂದು ಸಾಲಿಗೋಸ್ಕರವಾದರೂ ಇಪಿಸಿ ತೆಗೆದು ನೋಡಬೇಕು.

ಆಮೇಲೆ ಗೋಡೆ. ಊರಲ್ಲಿ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಅಂದರೆ ಗಟ್ಟಿಮುಟ್ಟಾದ ಮನೆ. ಇಲ್ಲಿ ನ್ಯೂಟೌನ್ ಕಡೆಯ ವಿಕ್ಟೋರಿಯನ್ ಸಾಲುಮನೆಗಳಲ್ಲಿ ಇರೋದು ಅದೇ ಗೋಡೆ, ಒಳಗಿನ ಬಿಸಿ ಹೊರಗೆ ಹೋಗೋದೂ ಅದರಿಂದಲೇ. ಸರ್ಟಿಫಿಕೇಟಿನಲ್ಲಿ ‘ಸಾಲಿಡ್ ಬ್ರಿಕ್, ನೋ ಇನ್ಸುಲೇಶನ್, ಅಸ್ಯೂಮ್ಡ್’ ಅಂತಿರುತ್ತೆ. ಅಸ್ಯೂಮ್ಡ್ ಅಂತಿದ್ದರೆ ತಪಾಸಣೆಗೆ ಬಂದವರು ಮನೆಯ ಕಾಲ ನೋಡಿ ಊಹಿಸಿದ್ದು, ಗೋಡೆ ಕೊರೆದು ನೋಡಿದ್ದಲ್ಲ. ನೀವೇ ರಸ್ತೆಯಲ್ಲಿ ನಿಂತು ಪರೀಕ್ಷೆ ಮಾಡಬಹುದು. ಒಂದು ವರಸೆಯಲ್ಲಿ ಇಟ್ಟಿಗೆಯ ಉದ್ದ ಮೈ, ಪಕ್ಕದಲ್ಲೇ ಗಿಡ್ಡ ತುದಿ, ಮತ್ತೆ ಉದ್ದ, ಮತ್ತೆ ಗಿಡ್ಡ ಹೀಗೆ ಕಂಡರೆ ಅದು ಸಾಮಾನ್ಯವಾಗಿ ನಡುವೆ ಟೊಳ್ಳಿಲ್ಲದ ಸಾಲಿಡ್ ಬ್ರಿಕ್ ಗೋಡೆ. ಬರೀ ಉದ್ದ ಮೈಗಳೇ ಕಂಡರೆ ನಡುವೆ ಟೊಳ್ಳು ಬಿಟ್ಟ ಕ್ಯಾವಿಟಿ ಗೋಡೆ ಇರುವ ಸಾಧ್ಯತೆ ಜಾಸ್ತಿ, ಆ ಟೊಳ್ಳಿಗೆ ಇನ್ಸುಲೇಶನ್ ತುಂಬಬಹುದು. ರೆಡಿಂಗ್ ಅಂಚಿನ ಲೋವರ್ ಅರ್ಲಿಯ ಮನೆಗಳು ಕಟ್ಟಿದ್ದು 1970ರ ದಶಕದ ಕೊನೆಯಿಂದ ಈಚೆಗೆ, ಅಲ್ಲಿ ಸಾಮಾನ್ಯವಾಗಿ ಕ್ಯಾವಿಟಿ ಗೋಡೆಯೇ ಇರುತ್ತೆ. ಸ್ಟೇಷನ್ ದೂರ ಆದರೂ ಚಿಕ್ಕ ಮಕ್ಕಳಿರುವವರಿಗೆ ನಾನು ಆ ಕಡೆಯೇ ನೋಡಿ ಅಂತೀನಿ.

ಮನೆ ನೋಡಲು ಹೋದಾಗ ಅಟ್ಟದ ಬಾಗಿಲು ತೆಗೆಸಿ, ಮೊಬೈಲ್ ಟಾರ್ಚ್ ಹಾಕಿ. ಈಗ ಹೇಳುವ ಅಳತೆ 270 ಮಿಲಿಮೀಟರ್ ಉಣ್ಣೆಯಂಥ ಹಾಸು. ಅಡ್ಡತೊಲೆಗಳ ತಲೆ ಕಾಣ್ತಿದ್ದರೆ ಸಾಕಷ್ಟು ಹಾಕಿಲ್ಲ ಅಂತ ತಿಳ್ಕೊಳ್ಳಿ. ಮಲಗುವ ಕೋಣೆಯಲ್ಲಿ ವಾರ್ಡ್‌ರೋಬ್ ಹಿಂದಿನ ಮೂಲೆ ಕಪ್ಪಾಗಿದೆಯಾ ನೋಡಿ. ಅಡುಗೆಮನೆಯ ಫ್ಯಾನ್ ಹಾಕಿ, ಗಾಳಿ ನಿಜಕ್ಕೂ ಹೊರಗೆ ಹೋಗುತ್ತಾ ನೋಡಿ. ದಿನಾ ಕುಕ್ಕರ್ ಕೂಗಿಸಿ, ಸಾರು ಕುದಿಸುವ ನಮಗೆ ಅದು ಬೇಕೇ ಬೇಕು. ತಣ್ಣನೆಯ ಗೋಡೆಗೆ ಆ ಹಬೆ ಕೂತರೆ ಬೂಷ್ಟು ಹಿಡಿಯುತ್ತೆ.

ದರ್ಜೆ ‘ಎಫ್’ ಅಥವಾ ‘ಜಿ’ ಇದ್ದರೆ ಇಂಗ್ಲೆಂಡ್, ವೇಲ್ಸ್‌ನಲ್ಲಿ ಮಾಲೀಕರು ವಿನಾಯಿತಿ ನೋಂದಾಯಿಸದೆ ಬಾಡಿಗೆಗೆ ಕೊಡುವಂತಿಲ್ಲ. ಹೊಸ ಬಾಡಿಗೆಗಳಿಗೆ ಇದು ಬಂದದ್ದು 2018ರ ಏಪ್ರಿಲ್‌ನಲ್ಲಿ, ಹಳೆಯವಕ್ಕೆ 2020ರ ಏಪ್ರಿಲ್‌ನಲ್ಲಿ. ವಿನಾಯಿತಿಯ ರಿಜಿಸ್ಟರ್ ಕೂಡ ಸಾರ್ವಜನಿಕ. ಅಲ್ಲೂ ಆ ಮನೆ ಇಲ್ಲದಿದ್ದರೆ ಸ್ಥಳೀಯ ಕೌನ್ಸಿಲ್‌ಗೆ ತಿಳಿಸಿ.

ಮನೆಯನ್ನು ನಿಮಗಾಗಿ ಹಿಡಿದಿಡಲು ಏಜೆಂಟ್ ಹೋಲ್ಡಿಂಗ್ ಡೆಪಾಸಿಟ್ ಕೇಳುತ್ತಾರೆ, ಅದು ಒಂದು ವಾರದ ಬಾಡಿಗೆಗಿಂತ ಹೆಚ್ಚಿರುವಂತಿಲ್ಲ. ಅದನ್ನು ಕೊಡುವ ಮುಂಚೆಯೇ ಇಮೇಲ್‌ನಲ್ಲಿ ಕೇಳಿ: ಸರ್ಟಿಫಿಕೇಟಿನ ಕೊನೆಯಲ್ಲಿ ಸೂಚಿಸಿದ ಸುಧಾರಣೆಗಳಲ್ಲಿ ಏನೇನು ಮಾಡಿದ್ದೀರಿ, ಅಟ್ಟದ ಕೆಲಸವನ್ನು ನಾವು ಬರುವುದರೊಳಗೆ ಮಾಡಿಸುತ್ತೀರಾ? ಸಹಿ ಹಾಕುವ ಮುಂಚೆ ಮಾಲೀಕರು ಒಪ್ಪುವುದು ಸುಲಭ, ಉತ್ತರವೂ ಬರಹದಲ್ಲೇ ಇರಲಿ.