ನಿಮ್ಮ ಹಳೇ ಸ್ಟೇಷನ್ ವ್ಯಾಗನ್ ಯಾವ ಕಾರ್ಖಾನೆಯದು? ಹೀಗೆ ಪತ್ತೆ ಮಾಡಿ

ಹಳೇ ವ್ಯಾಗನ್ ಕೈಗೆ ಬಂದ ಕೂಡಲೇ ಎಲ್ಲರೂ ದಾಖಲೆ ಪತ್ರ ನೋಡುತ್ತಾರೆ. ಆದರೆ ಬರೆದವರ ಕೈತಪ್ಪಿನಿಂದ ಒಂದು ಅಕ್ಷರ ಆಚೀಚೆ ಆಗಿರಬಹುದು. ನೋಂದಣಿಯಾದ ವರ್ಷವನ್ನೇ ತಯಾರಾದ ವರ್ಷ ಎಂದು ಬರೆದಿರುವುದೂ ಉಂಟು. ಪತ್ರ ಪಕ್ಕಕ್ಕಿಡಿ. ಗಾಡಿಯ ಮೈಮೇಲೆ ಏನಿದೆ ಅಂತ ಮೊದಲು ಓದಿ.

ಬೇಕಾದದ್ದು ಇಷ್ಟೇ: ಟಾರ್ಚ್, ಹಳೇ ಟೂತ್‌ಬ್ರಶ್, ಸ್ವಲ್ಪ ಸೀಮೆಎಣ್ಣೆ, ಬಟ್ಟೆ, ತೆಳು ಕಾಗದ, ಪೆನ್ಸಿಲ್. ಮರಳು ಕಾಗದ, ತಂತಿ ಬ್ರಶ್ ಹತ್ತಿರವೂ ತರಬೇಡಿ. ಒಮ್ಮೆ ಉಜ್ಜಿಹೋದ ಅಕ್ಷರ ಮತ್ತೆ ಬರುವುದಿಲ್ಲ.

ಚಾಸಿ ನಂಬರ್ ಓದುವುದು

1981ರ ನಂತರದ ಗಾಡಿಯಾದರೆ ಕೆಲಸ ಸುಲಭ. ನಂಬರ್‌ನಲ್ಲಿ 17 ಅಕ್ಷರ, ಅಂಕಿಗಳಿರುತ್ತವೆ. ಮೊದಲನೆಯದು ಜೆ ಆದರೆ ಜಪಾನ್, ಡಬ್ಲ್ಯು ಆದರೆ ಜರ್ಮನಿ. ವೋಲ್ವೋ ವ್ಯಾಗನ್‌ಗಳಲ್ಲಿ ವೈವಿ1 ಎಂದು ಶುರುವಾಗುವುದು ಜಾಸ್ತಿ. ಅಮೆರಿಕದ ಗಾಡಿಗಳಲ್ಲಿ ಹತ್ತನೆಯದು ಮಾಡೆಲ್ ವರ್ಷ, ಹನ್ನೊಂದನೆಯದು ಕಾರ್ಖಾನೆ. ಯುರೋಪಿನ ಗಾಡಿಗಳಲ್ಲಿ ಹತ್ತನೆಯದು ವರ್ಷವೇ ಆಗಿರಬೇಕೆಂದಿಲ್ಲ.

ಅದಕ್ಕಿಂತ ಹಳೆಯದಾದರೆ ಒಂದೊಂದು ಕಂಪನಿಯದು ಒಂದೊಂದು ಪದ್ಧತಿ. 1955ರ ಷೆವರ್ಲೆಯನ್ನೇ ತೆಗೆದುಕೊಳ್ಳಿ. ಚಾಲಕನ ಬಾಗಿಲು ತೆರೆದು ಕಂಬದ ಮೇಲಿನ ತಗಡು ನೋಡಿ. ವಿ, ಸಿ, 55, ಎಲ್, ಆಮೇಲೆ ಆರು ಅಂಕಿ ಇದೆ ಎಂದುಕೊಳ್ಳೋಣ. ವಿ ಅಂದರೆ ಎಂಟು ಸಿಲಿಂಡರ್ ಎಂಜಿನ್. ಆರು ಸಿಲಿಂಡರ್ ಆಗಿದ್ದರೆ ಆ ಅಕ್ಷರವೇ ಇರುವುದಿಲ್ಲ. ಸಿ ಎಂದರೆ ಬೆಲ್ ಏರ್ ಶ್ರೇಣಿ, 55 ವರ್ಷ, ಎಲ್ ಲಾಸ್ ಏಂಜಲೀಸ್ ಕಾರ್ಖಾನೆ. ಎಫ್ ಇದ್ದರೆ ಫ್ಲಿಂಟ್, ಜೆ ಇದ್ದರೆ ಜೇನ್ಸ್‌ವಿಲ್. ಕೊನೆಯ ಆರು ಅಂಕಿ ಆ ಕಾರ್ಖಾನೆಯ ಕ್ರಮ ಸಂಖ್ಯೆ.

ಕಾರ್ಖಾನೆ ಸಿಕ್ಕಿತು ಅಂತ ಇಲ್ಲಿಗೇ ನಿಲ್ಲಿಸಬೇಡಿ. ಬೆಲ್ ಏರ್ ಸೆಡಾನ್‌ಗೂ ಸಿ, ನೋಮ್ಯಾಡ್ ವ್ಯಾಗನ್‌ಗೂ ಸಿ. ಗಾಡಿ ವ್ಯಾಗನ್ ಆಗಿಯೇ ಹುಟ್ಟಿತೋ ಇಲ್ಲವೋ ಎಂದು ಈ ನಂಬರ್ ಹೇಳುವುದೇ ಇಲ್ಲ!

ಬಾಡಿಯ ತಗಡು

ಅದನ್ನು ಹೇಳುವುದು ಇನ್ನೊಂದು ತಗಡು. ಬಾನೆಟ್ ಎತ್ತಿ, ಎಂಜಿನ್ ಹಿಂದಿನ ಗೋಡೆ ನೋಡಿ. ಬಾಡಿ ಕಟ್ಟಿದ ಫಿಷರ್ ವಿಭಾಗದವರು ಹೊಡೆದ ತಗಡು ಅದು. ಸ್ಟೈಲ್ ನಂಬರ್ ಜಾಗದಲ್ಲಿ 55-1064ಡಿಎಫ್ ಎಂದಿದ್ದರೆ ಅದು ಎರಡು ಬಾಗಿಲಿನ ನೋಮ್ಯಾಡ್. ಬಣ್ಣ, ಸೀಟಿನ ಬಟ್ಟೆಯ ಸಂಕೇತವೂ ಅಲ್ಲೇ ಇರುತ್ತದೆ. ಬಾಡಿ ನಂಬರ್ ಚಾಸಿ ನಂಬರ್‌ಗೆ ಹೊಂದದಿದ್ದರೆ ಗಾಬರಿ ಬೇಡ, ಎರಡೂ ಬೇರೆ ಬೇರೆ ಲೆಕ್ಕ.

ತಗಡಿನ ಮೇಲೆ ಬಣ್ಣ ಬಳಿದಿದ್ದರೆ ಟಾರ್ಚನ್ನು ನೇರ ಹಿಡಿಯದೆ ಬದಿಯಿಂದ ಹಿಡಿಯಿರಿ. ನೆರಳಿನಲ್ಲಿ ಅಕ್ಷರ ಎದ್ದು ಕಾಣುತ್ತದೆ. ಆಗಲೂ ಕಾಣದಿದ್ದರೆ ತೆಳು ಕಾಗದ ಒತ್ತಿ ಪೆನ್ಸಿಲ್ ಉಜ್ಜಿ. ತಗಡನ್ನು ಮಾತ್ರ ಕೀಳಬೇಡಿ. ಅನೇಕ ದೇಶಗಳಲ್ಲಿ ಚಾಸಿ ನಂಬರ್ ತೆಗೆಯುವುದೇ ಅಪರಾಧ.

ಎಂಜಿನ್ ಏನು ಹೇಳುತ್ತದೆ?

ನನಗೆ ತುಂಬ ಇಷ್ಟವಾದ ಕೆಲಸ ಇದು. ಎಂಜಿನ್‌ಗೆ ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಜಿಡ್ಡು ಗಟ್ಟಿಯಾಗಿ ಕೂತಿರುತ್ತದೆ. ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಬ್ರಶ್‌ನಿಂದ ಉಜ್ಜಿ. ಎರಕದಲ್ಲೇ ಮೂಡಿದ ಅಕ್ಷರ ನಿಧಾನಕ್ಕೆ ಕಾಣುತ್ತದೆ. 3703524 ಎಂದಿದ್ದರೆ ಅದು 1955ರ 265 ಘನ ಇಂಚಿನ ವಿ8. ಜೊತೆಗೆ ತಾರೀಖೂ ಇರುತ್ತದೆ. ಎ ಎಂದರೆ ಜನವರಿ, ಎಲ್ ಎಂದರೆ ಡಿಸೆಂಬರ್. ‘ಎಫ್ 12 5’ ಅಂದರೆ 1955ರ ಜೂನ್ 12ರಂದು ಎರಕ ಹೊಯ್ದದ್ದು. ಎರಕದ ತಾರೀಖು ಗಾಡಿ ಜೋಡಿಸಿದ ದಿನಕ್ಕಿಂತ ಮುಂಚಿನದಾಗಿರಬೇಕು, ಅಲ್ವಾ? ಆಮೇಲಿನದಾಗಿದ್ದರೆ ಎಂಜಿನ್ ಬದಲಾಗಿದೆ ಎಂದೇ ಅರ್ಥ.

ಕಾಗದದ ಸರದಿ

ಈಗ ಕಾಗದ ಹುಡುಕಿ. 1967ರ ನಂತರ ಅಮೆರಿಕದಲ್ಲಿ ತಯಾರಾದ ಫೋರ್ಡ್ ಕಂಟ್ರಿ ಸ್ಕ್ವೈರ್ ಆದರೆ, ಕಂಪನಿಯ ದಾಖಲೆಯಿಂದಲೇ ಸಿದ್ಧವಾಗುವ ಮಾರ್ಟಿ ರಿಪೋರ್ಟ್ ಸಿಗುತ್ತದೆ. ಮರದ ಚೌಕಟ್ಟಿನ ಮಾರಿಸ್ ಮೈನರ್ ಟ್ರಾವೆಲರ್ ಆದರೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನ ಹೆರಿಟೇಜ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ.

ಅಮೆರಿಕದ ಗಾಡಿಗಳಲ್ಲಿ ಇನ್ನೊಂದು ಜಾಗವಿದೆ. ಜೋಡಿಸುವಾಗ ಕೆಲಸಗಾರರು ನೋಡುತ್ತಿದ್ದ ಹಾಳೆ ಕೆಲವೊಮ್ಮೆ ಸೀಟಿನ ಸ್ಪ್ರಿಂಗ್ ಒಳಗೋ ಪೆಟ್ರೋಲ್ ಟ್ಯಾಂಕ್ ಮೇಲೋ ಹಾಗೇ ಉಳಿದಿರುತ್ತದೆ. ಕಂಡರೆ ಎಳೆಯಬೇಡಿ, ಇದ್ದ ಜಾಗದಲ್ಲೇ ಫೋಟೋ ತೆಗೆಯಿರಿ. ಆಮೇಲೆ ಸ್ಪ್ರಿಂಗ್ ಒಂದೊಂದಾಗಿ ಸಡಿಲಿಸಿ, ಹಾಳೆಯ ಅಡಿಗೆ ರಟ್ಟು ತೂರಿಸಿ, ರಟ್ಟಿನ ಸಮೇತ ಹೊರಗೆ ತೆಗೆಯಿರಿ.