ಮೈಗೆ ಹತ್ತಿದ ಉಣ್ಣಿ ಕೀಳುವುದು ಹೇಗೆ?

ಬೀಡಿ ಕೆಂಡ, ಸೀಮೆಎಣ್ಣೆ, ಸುಣ್ಣ, ತಂಬಾಕಿನ ರಸ: ಉಣ್ಣಿ ಕಚ್ಚಿದ ಕೂಡಲೇ ಜನರ ಕೈ ಹೋಗುವುದು ಇವುಗಳಿಗೇ. ನಾಲ್ಕನ್ನೂ ಬಿಡಿ. ಕೆಣಕಿದ ಉಣ್ಣಿ ಕಡಿತ ಬಿಡುವ ಮೊದಲು ಇನ್ನಷ್ಟು ಜೊಲ್ಲನ್ನು ಗಾಯದೊಳಕ್ಕೆ ಬಿಡಬಹುದು. ಟೈಫಸ್ ಜ್ವರ ತರುವ ರಿಕೆಟ್ಸಿಯಾ ಬ್ಯಾಕ್ಟೀರಿಯಾ ಒಳಸೇರುವುದು ಆ ಜೊಲ್ಲಿನ ಜೊತೆಗೇ.

ಮೊನಚು ತುದಿಯ ಚಿಮಟ, ಸೋಪು, ಸ್ಪಿರಿಟ್ ಹಾಕಿದ ಸಣ್ಣ ಶೀಸೆ ಇಟ್ಟುಕೊಳ್ಳಿ. ಹುಬ್ಬು ತಿದ್ದುವ ಅಗಲ ತುದಿಯ ಚಿಮಟ ಬೇಡ, ಅದು ಉಣ್ಣಿಯ ಹೊಟ್ಟೆಯನ್ನೇ ಹಿಸುಕುತ್ತದೆ.

ಎಲ್ಲರೂ ಎಡವುವುದು ಕೀಳುವಾಗ. ಉಣ್ಣಿಯ ಮೂತಿಗೆ ಮೀನಿನ ಗಾಳದಂತೆ ಹಿಮ್ಮುಖ ಮುಳ್ಳುಗಳಿವೆ. ಕೆಲವು ಜಾತಿಯವು ಅಂಟನ್ನೂ ಸುರಿಸಿ ಗಟ್ಟಿಯಾಗಿ ಕೂರುತ್ತವೆ. ಒಮ್ಮೆಲೇ ಜಗ್ಗಿದರೆ ಮೈ ಕಿತ್ತು ಬಂದು ಮೂತಿ ಒಳಗೇ ಉಳಿಯುತ್ತದೆ. ಚಿಮಟವನ್ನು ಚರ್ಮಕ್ಕೆ ತಾಗಿಸಿ, ಮೂತಿ ಹೊಕ್ಕ ಜಾಗದಲ್ಲೇ ಹಿಡಿಯಿರಿ. ತಿರುಚಬೇಡಿ. ನೇರ ಮೇಲಕ್ಕೆ, ಒಂದೇ ಬಿಗಿಯಲ್ಲಿ ಎಳೆಯಿರಿ. ಚರ್ಮ ಸ್ವಲ್ಪ ಮೇಲೆದ್ದಾಗ ಅವಸರಪಡದೆ ಹಾಗೆಯೇ ಹಿಡಿದಿರಿ, ಹಿಡಿತ ಬಿಡುತ್ತದೆ. ಮೂತಿ ಮುರಿದು ಉಳಿದರೆ ಸೂಜಿಯಿಂದ ಕೆದಕಬೇಡಿ, ಚರ್ಮವೇ ಅದನ್ನು ಹೊರಹಾಕುತ್ತದೆ. ಹೊಲದಲ್ಲಿದ್ದು ಚಿಮಟ ಇಲ್ಲವೇ? ಹೊಲಿಗೆ ದಾರದ ಕುಣಿಕೆಯನ್ನು ಚರ್ಮದ ಮಟ್ಟಕ್ಕೆ ಬಿಗಿದು ಮೆಲ್ಲಗೆ ಮೇಲಕ್ಕೆತ್ತಿ.

ಕಿತ್ತದ್ದು ಶೀಸೆಗೆ. ಗಾಯಕ್ಕೂ ಕೈಗೂ ಸೋಪು.

ಉಗುರಿನಲ್ಲಿ ಚಿಟ್ಟೆನ್ನಿಸುವ ಚಾಳಿ ಬಿಡಲೇಬೇಕು. ಸಿಡಿದ ರಸ ಬೆರಳಿನ ಗೀರಿಗೋ ಕಣ್ಣಿಗೋ ತಾಗಿದರೆ ಕಡಿತವಿಲ್ಲದೆಯೂ ಸೋಂಕು ತಗಲಬಹುದು. ಮೈಹೇನಿನ ಟೈಫಸ್ ಕೂಡ ಹೀಗೆಯೇ: ಹೇನಿನ ಹಿಕ್ಕೆಯಲ್ಲಿರುವ ಬ್ಯಾಕ್ಟೀರಿಯಾವನ್ನು ನಾವೇ ತುರಿಸಿ ಗಾಯಕ್ಕೆ ಉಜ್ಜಿಕೊಳ್ಳುತ್ತೇವೆ.

ನಾಯಿ ಸಾಕಿದವರು ಗೋಡೆಯ ಬಿರುಕುಗಳನ್ನೂ ಮುಚ್ಚಬೇಕು. ನಾಯಿ ಉಣ್ಣಿ ಕೆಳಗಿಳಿದು ಸಾವಿರಾರು ಮೊಟ್ಟೆ ಇಡುವುದು ಅಲ್ಲಿಯೇ. ರಾಯಚೂರು ಕಡೆ ಹತ್ತಿಗೆ ಹೊಡೆದು ಉಳಿದ ಔಷಧಿಯನ್ನು ನಾಯಿಗೆ, ಕುರಿಗೆ ಬಳಿಯುವುದು ಬೇಡವೇ ಬೇಡ. ಅದು ಜೀವ ತೆಗೆಯುವ ವಿಷ. ಸಂತೆಯ ಚೀಟಿಯಿಲ್ಲದ ಪುಡಿಯೂ ಬೇಡ, ಪಶುವೈದ್ಯರನ್ನು ಕೇಳಿ.

ನುಸಿಮರಿಗಳ ವಿಷಯ ಬೇರೆ. ಸ್ಕ್ರಬ್ ಟೈಫಸ್ ಎಂಬ ಇನ್ನೊಂದು ಬಗೆಯ ಟೈಫಸ್ ತರುವ ಇವು ಕಣ್ಣಿಗೆ ಬೀಳುವುದೇ ಕಷ್ಟ, ಕಡಿದದ್ದೂ ಗೊತ್ತಾಗುವುದಿಲ್ಲ. ಕಾಲುವೆ ಬದುವಿನ ಹುಲ್ಲು ಕೊಯ್ದು ಬಂದ ದಿನ ಸೋಪು ಹಚ್ಚಿ ಚೆನ್ನಾಗಿ ಉಜ್ಜಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ.

ಉಣ್ಣಿ ಕಿತ್ತ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೂರು ವಾರದೊಳಗೆ ಜ್ವರ, ತಲೆನೋವು ಬಂದರೆ ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಉಡಿದಾರದ ಸುತ್ತ ಹುಡುಕಿ. ಬೀಡಿ ತಾಗಿ ಸುಟ್ಟಂಥ ಕಪ್ಪು ಹಕ್ಕಳೆ ಇದ್ದರೆ, ಅಂಗೈ ಅಂಗಾಲಿಗೂ ಕೆಂಪು ಗುಳ್ಳೆ ಹಬ್ಬಿದ್ದರೆ ಅದನ್ನು ತೋರಿಸಿ, ಉಣ್ಣಿಯ ದಿನವನ್ನೂ ವೈದ್ಯರಿಗೆ ಹೇಳಿ. ಹೇಳದಿದ್ದರೆ ಬರಿ ಟೈಫಾಯ್ಡ್ ಎಂದು ಚಿಕಿತ್ಸೆ ನಡೆದು ದಿನ ಕಳೆಯುತ್ತದೆ. ಈ ಬ್ಯಾಕ್ಟೀರಿಯಾ ರಕ್ತನಾಳದ ಒಳಪದರದ ಜೀವಕೋಶಗಳೊಳಗೆ ಅಡಗಿರುವುದರಿಂದ ಪೆನಿಸಿಲಿನ್, ಸೆಫಲೋಸ್ಪೋರಿನ್ ಜಾತಿಯ ಔಷಧಿ ಕೆಲಸಕ್ಕೆ ಬರುವುದಿಲ್ಲ. ಟೈಫಸ್ ಪತ್ತೆಗೆ ಮಾಡುವ ವೀಲ್-ಫೆಲಿಕ್ಸ್ ರಕ್ತಪರೀಕ್ಷೆ ಮೊದಲ ವಾರ ನೆಗೆಟಿವ್ ಬರಬಹುದು, ಅನುಮಾನ ಬಲವಾಗಿದ್ದರೆ ವೈದ್ಯರು ರಿಪೋರ್ಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಶುರು ಮಾಡುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ 100 ಮಿಲಿಗ್ರಾಂ, ದಿನಕ್ಕೆ 2 ಸಲ. ಬಸುರಿಯಾಗಿದ್ದರೆ ಮೊದಲೇ ತಿಳಿಸಿ, ಔಷಧಿ ಬದಲಿಸಬಹುದು. ಮಾತ್ರೆಯನ್ನು ತುಂಬಿದ ಲೋಟ ನೀರಿನೊಂದಿಗೆ ಕೂತು ನುಂಗಿ, ಅರ್ಧ ಗಂಟೆ ಮಲಗಬೇಡಿ. ಅನ್ನನಾಳಕ್ಕೆ ಅಂಟಿದರೆ ಹುಣ್ಣಾಗುತ್ತದೆ.